ಎಡಗಡೆಯ ಮುಂದಿನ ಚಕ್ರ

ಸರ್ವಿಸ್ ಸೆಂಟರಿನವರು ಕೊಟ್ಟ ಹಾಳೆಯಲ್ಲಿ ಕೆಳಗಡೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿತ್ತು. ಎಡಗಡೆಯ ಲೋಯರ್ ಆರ್ಮ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು, ಬಾಗಿದೆ, ಕಾರಣ ಹೊರಗಿನ ಹೊಡೆತ. ಅಷ್ಟೇ. ಬರೆದವನು ಯಾರೋ, ಕಾರನ್ನು ಮೇಲೆತ್ತಿ ನೋಡಿದನೋ ಇಲ್ಲವೋ. ಆ ಒಂದು ಸಾಲಿಗೆ ನಮ್ಮಪ್ಪನ ಹನ್ನೆರಡು ವರ್ಷದ ಕೆಲಸ ಹೋಗುವುದರಲ್ಲಿತ್ತು.

ಅಪ್ಪ ಬಸವೇಶ್ವರನಗರದ ಒಂದು ಮನೆಯಲ್ಲಿ ಡ್ರೈವರ್. ಮನೆಯ ಯಜಮಾನರದು ರಾಜಾಜಿನಗರದಲ್ಲಿ ಟೈಲ್ಸ್ ಅಂಗಡಿ. ಬೆಳಿಗ್ಗೆ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಆಮೇಲೆ ಯಜಮಾನರನ್ನು ಅಂಗಡಿಗೆ, ಸಂಜೆ ಎಲ್ಲರನ್ನೂ ವಾಪಸ್ ಕರೆತರುವುದು, ಇದು ಅಪ್ಪನ ದಿನಚರಿ. ಕಾರಿಗೆ ಇನ್ನೂ ಎರಡು ವರ್ಷ. ಹಂಪ್ ಮೇಲೆ ಹೋದರೆ ಎಡಗಡೆ ಮುಂದೆ ಟಕ್ ಟಕ್ ಎನ್ನುತ್ತದೆ, ಸ್ಟೇರಿಂಗ್ ನೇರ ಹಿಡಿದರೂ ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ಮೊದಲು ಹೇಳಿದ್ದೇ ಅಪ್ಪ. ಒಂದು ಸಲವಲ್ಲ, ಮೂರು ಸಲ ಹೇಳಿದ್ದಾರೆ. ಮುಂದಿನ ಸರ್ವಿಸ್‌ಗೆ ನೋಡಿಸೋಣ ಬಿಡು ಎಂದು ಯಜಮಾನರು ಮುಂದಕ್ಕೆ ಹಾಕಿದ್ದರು. ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಅಡ್ವೈಸರ್ ಯಜಮಾನರಿಗೆ ಫೋನ್ ಮಾಡಿ, "ಇದು ವಾರಂಟಿಗೆ ಬರಲ್ಲ ಸಾರ್. ನಿಮ್ಮ ಡ್ರೈವರ್ ಎಲ್ಲೋ ಕಲ್ಲಿಗೋ ಡಿವೈಡರ್‌ಗೋ ಗುದ್ದಿರ್ಬೇಕು. ಡ್ರೈವರ್‌ಗಳು ಹೇಳಲ್ಲ ಸಾರ್" ಎಂದ. ದೂರು ಕೊಟ್ಟವನೇ ಕಳ್ಳನಾದ.

ಯಜಮಾನರು ರಿಪೇರಿ ಮಾಡಿಸದೆ ಕಾರನ್ನು ವಾಪಸ್ ತರಿಸಿ, ಮನೆಯ ಮುಂದೆ, ಹೆಂಡತಿ ಮತ್ತು ಕೆಲಸದವರ ಎದುರಿಗೆ ಅಪ್ಪನನ್ನು ನಿಲ್ಲಿಸಿ ಕೇಳಿದರಂತೆ.

"ಗುದ್ದಿದ್ರೆ ಗುದ್ದಿದೀನಿ ಅನ್ನಯ್ಯ. ತಿಂದ್ಬಿಡ್ತೀನಾ? ಸುಳ್ಳು ಯಾಕೆ?"

"ಇಲ್ಲ ಸಾರ್, ಗುದ್ದಿಲ್ಲ."

"ಕಂಪನಿಯವರು ಬರ್ದು ಕೊಟ್ಟಿದಾರೆ, ನೀನು ಇಲ್ಲ ಅಂತೀಯ. ಸುಳ್ಳು ಹೇಳೋನ ಕೈಗೆ ಮಕ್ಕಳನ್ನ ಹೆಂಗೆ ಕೊಡ್ಲಿ? ಈ ತಿಂಗಳು ಮುಗಿಸ್ಕೊಂಡು ಬೇರೆ ಕಡೆ ನೋಡ್ಕೊ."

ಐವತ್ತಾರು ವರ್ಷದ ಡ್ರೈವರ್ ಬೇರೆ ಕಡೆ ಎಲ್ಲಿ ನೋಡಿಕೊಳ್ಳಬೇಕು? ಹೋಗಲಿ, ಎಲ್ಲೋ ಒಂದು ಕಡೆ ಸಿಕ್ಕಿತು ಎಂದುಕೊಳ್ಳೋಣ. ಯಾಕೆ ಬಿಟ್ಟೆ ಎಂದು ಅಲ್ಲಿ ಕೇಳುತ್ತಾರೆ. ಬಸವೇಶ್ವರನಗರದ ಮನೆಗೆ ಒಂದು ಫೋನ್ ಹೋಗುತ್ತದೆ. ಗುದ್ದಿ ಸುಳ್ಳು ಹೇಳಿದ ಎನ್ನುವ ಮಾತು ಬರುತ್ತದೆ. ಅಲ್ಲಿಗೆ ಮುಗಿಯಿತು.

ಇನ್ನು ನನ್ನ ವಿಷಯ. ನಾನು ಮೆಕ್ಯಾನಿಕಲ್ ಇಂಜಿನಿಯರ್. ನಮ್ಮ ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ನನಗಿಂತ ಮೊದಲು ಡಿಗ್ರಿ ಮುಟ್ಟಿದವರು ಯಾರೂ ಇಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಮಾಡಿ, ಅದರ ಮೇಲೆ ನೇರ ಎರಡನೇ ವರ್ಷಕ್ಕೆ ಸೇರಿ, ಗಣಿತದ ಒಂದು ಪೇಪರ್ ಎರಡು ಸಲ ಹೋಗಿ, ಮೂರನೇ ಸಲಕ್ಕೆ ಪಾಸು ಮಾಡಿದವಳು. ಮಾರೇನಹಳ್ಳಿಯ ಒಂದೂವರೆ ರೂಮಿನ ಬಾಡಿಗೆ ಮನೆಯಲ್ಲಿ, ಅಮ್ಮ ಗಾರ್ಮೆಂಟ್ಸ್‌ನಿಂದ ಬಂದು ಮಲಗಿದ ಚಾಪೆಯ ಪಕ್ಕದಲ್ಲೇ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡು ಗೆರೆ ಎಳೆದವಳು. "ಹೆಣ್ಣು ಹುಡುಗಿಗೆ ಮೆಕ್ಯಾನಿಕಲ್ ಯಾಕಯ್ಯ? ಬಿ.ಕಾಂ ಮಾಡ್ಸು, ಅಂಗಡೀಲಿ ಬಿಲ್ ಹಾಕೋಕೆ ಕೂರಿಸ್ತೀನಿ" ಎಂದು ಅಪ್ಪನಿಗೆ ಆಗ ಬುದ್ಧಿ ಹೇಳಿದ್ದವರು ಇದೇ ಯಜಮಾನರು. ಈಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಕಾರಿನ ಮುಂದಿನ ಚಕ್ರವನ್ನು ಕೆಳಗಿನ ಕಬ್ಬಿಣದ ತೋಳಿಗೆ ಸೇರಿಸುವ ಗುಂಡು ಕೀಲು ಇರುತ್ತದಲ್ಲ, ಬಾಲ್ ಜಾಯಿಂಟ್, ಅದನ್ನು ಮಾಡುವ ಕಾರ್ಖಾನೆ. ತಯಾರಾದ ಕೀಲುಗಳನ್ನು ಪರೀಕ್ಷಿಸಿ ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡುವುದು ನನ್ನ ಕೆಲಸ. ಅಂದರೆ ಆ ಹಾಳೆಯಲ್ಲಿ ಬರೆದ ಸಾಲು ನಿಜವೋ ಸುಳ್ಳೋ ಎಂದು ಹೇಳುವ ಯೋಗ್ಯತೆ ಇಡೀ ನಮ್ಮ ಕುಲದಲ್ಲಿ ನನ್ನೊಬ್ಬಳಿಗೆ ಇತ್ತು.

ಆ ಯೋಗ್ಯತೆ ಇಟ್ಟುಕೊಂಡು ನಾನು ಮೊದಲು ಮಾಡಿದ್ದೇನು? ಅಪ್ಪ ಹಾಳೆಯನ್ನು ನನ್ನ ಕೈಗೆ ಕೊಟ್ಟು ಊಟಕ್ಕೆ ಕೂತಿದ್ದರು. ಓದಿದೆ. ತಲೆ ಎತ್ತಿ ಕೇಳಿದೆ.

"ಅಪ್ಪಾ, ನಿಜ ಹೇಳು. ಎಲ್ಲಾದ್ರೂ ಗುದ್ದಿದ್ಯಾ?"

ಅಪ್ಪ ನನ್ನನ್ನು ನೋಡಿದರು. ತಟ್ಟೆಯಲ್ಲಿ ಇನ್ನೂ ಮುದ್ದೆ ಅರ್ಧ ಇತ್ತು. ಎದ್ದು ಹೋಗಿ ತಟ್ಟೆ ತೊಳೆದಿಟ್ಟರು.

ಭಾನುವಾರ ಕಾರನ್ನು ಅತ್ತಿಗುಪ್ಪೆಯ ಗ್ಯಾರೇಜಿಗೆ ಒಯ್ದೆವು. ಯಜಮಾನರನ್ನು ಕೇಳಿಯೇ ಒಯ್ದದ್ದು. "ಮಗಳು ಇಂಜಿನಿಯರ್ ಅಂತಲ್ಲ, ನೋಡ್ಲಿ. ಏನೂ ಬಿಚ್ಚಬೇಡಿ ಅಷ್ಟೇ, ವಾರಂಟಿ ಹೋಗತ್ತೆ" ಎಂದಿದ್ದರು. ಆ ಗ್ಯಾರೇಜಿನ ಮೇಸ್ತ್ರಿ ಅಪ್ಪನ ಹಳೆಯ ಸ್ನೇಹಿತ. ಶೀಟಿನ ಮಾಡಿನ ಕೆಳಗೆ ಗಾಡಿಯಡಿಗೆ ಇಳಿಯಲು ಒಂದು ಗುಂಡಿ, ಗೋಡೆಗೆ ನೇತುಹಾಕಿದ ಸ್ಪ್ಯಾನರ್‌ಗಳು, ಬಾಗಿಲಲ್ಲಿ ಮಲಗಿದ ನಾಯಿ.

"ಏನಮ್ಮ ಇಂಜಿನಿಯರ್, ಬುಕ್ ತಂದಿದೀಯೋ, ಕೈ ತಂದಿದೀಯೋ?" ಎಂದರು ಮೇಸ್ತ್ರಿ.

"ಎರಡೂ ತಂದಿದೀನಿ. ಜಾಕ್ ಹಾಕಿ."

ಎಡಗಡೆಯ ಚಕ್ರವನ್ನು ನೆಲದಿಂದ ಎತ್ತಿದೆವು. ಚಕ್ರದ ಎರಡು ಪಕ್ಕಗಳನ್ನು ಹಿಡಿದು ಒಂದು ಕೈಯಲ್ಲಿ ನೂಕಿ ಇನ್ನೊಂದು ಕೈಯಲ್ಲಿ ಎಳೆದೆ. ಅಲ್ಲಾಡಲಿಲ್ಲ. ಅಂದರೆ ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ಸರಳು ಸರಿಯಾಗಿದೆ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದೆ. ಟಕ್. ಸಣ್ಣ ಶಬ್ದ, ಆದರೆ ಬೆರಳಿಗೆ ಸ್ಪಷ್ಟವಾಗಿ ತಗುಲಿತು. ಬೇರಿಂಗ್ ಸವೆದರೂ ಹೀಗೇ ಅಲ್ಲಾಡುತ್ತದೆ, ಹಾಗಾಗಿ ಅಪ್ಪನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಬೇರಿಂಗ್ ಆಗಿದ್ದರೆ ಬ್ರೇಕ್ ಹಿಡಿದಾಗ ಅಲ್ಲಾಟ ನಿಲ್ಲಬೇಕು. ನಿಲ್ಲಲಿಲ್ಲ. ಬಾಲ್ ಜಾಯಿಂಟ್ ಸಡಿಲವಾಗಿದೆ. ನನ್ನ ಮೇಜಿನ ಮೇಲೆ ಬಂದಿದ್ದರೆ ನೋಡಿದ ತಕ್ಷಣ ಕೆಂಪು ಡಬ್ಬಿಗೆ ಎಸೆಯುವಂಥದ್ದು.

ಆಮೇಲೆ ಮೇಸ್ತ್ರಿ ಗುಂಡಿಗೆ ಇಳಿದು ಹಾರೆಯನ್ನು ಮೆಲ್ಲಗೆ ಲೋಯರ್ ಆರ್ಮಿನ ಹಿಂದಿನ ತುದಿಗೆ ಕೊಟ್ಟು ಮೀಟಿದರು. ಅಲ್ಲಿ ಕಬ್ಬಿಣದ ತೋಳನ್ನು ಗಾಡಿಯ ಮೈಗೆ ಹಿಡಿದಿಡುವ ದಪ್ಪ ರಬ್ಬರಿನ ಬುಶ್ ಇರುತ್ತದೆ. ಟಾರ್ಚ್ ಬಿಟ್ಟೆ. ರಬ್ಬರು ಅರ್ಧ ಸುತ್ತು ಹರಿದು ಬಾಯಿ ಬಿಟ್ಟಿತ್ತು.

"ಇದು ಹರಿದ್ರೆ ಚಕ್ರ ಹಿಂದಕ್ಕೆ ಕೂರತ್ತೆ. ಗಾಡಿ ಎಡಕ್ಕೆ ಎಳೀದೆ ಇನ್ನೇನು ಬಲಕ್ಕೆ ಎಳೆಯತ್ತಾ?" ಎಂದರು ಮೇಸ್ತ್ರಿ.

"ಆರ್ಮ್ ಬಾಗಿದ್ರೂ ಹಿಂದಕ್ಕೆ ಕೂರತ್ತಲ್ಲ?"

"ಅದಕ್ಕೆ ಅಳೀಬೇಕು."

ಅಳೆಯಲು ಅವರು ಯಾವ ಮೆಷಿನ್ನೂ ತರಲಿಲ್ಲ. ಒಂದು ಮರದ ರೀಪರ್ ಪಟ್ಟಿ ತಂದರು. ಎಡಗಡೆಯ ಆರ್ಮಿನ ಒಳತುದಿಯ ಬೋಲ್ಟಿಗೆ ಸರಿಯಾಗಿ ಒಂದು ಮೊಳೆ, ಹೊರತುದಿಯ ಬಾಲ್ ಜಾಯಿಂಟಿಗೆ ಸರಿಯಾಗಿ ಇನ್ನೊಂದು ಮೊಳೆ ಹೊಡೆದರು. ಅದೇ ಪಟ್ಟಿಯನ್ನು ಬಲಗಡೆಯ ಆರ್ಮಿಗೆ ಹಿಡಿದರು. ಎರಡು ಮೊಳೆಯೂ ಎರಡು ಜಾಗಕ್ಕೆ ಕರಾರುವಾಕ್ಕಾಗಿ ಕೂತವು. ಬಾಗಿದ ಆರ್ಮು ಆಗಿದ್ದರೆ ಕೂರುವುದಿಲ್ಲ. ನಾನು ನನ್ನ ಸಮಾಧಾನಕ್ಕೆ ಮೂರು ಸಲ ಹಿಡಿದು ನೋಡಿದೆ. ಚಕ್ರದ ರಿಮ್ಮನ್ನು ಸುತ್ತಲೂ ಬೆರಳಿನಿಂದ ಸವರಿದೆ. ಒಂದು ಗೀರಿಲ್ಲ, ಒಂದು ನೆಗ್ಗಿಲ್ಲ. ಆರ್ಮು ಬಾಗುವಷ್ಟು ಗುದ್ದಿ ರಿಮ್ಮಿಗೆ ಏನೂ ಆಗದೆ ಇರುವ ಡಿವೈಡರ್ ಈ ಊರಿನಲ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ನೋಡಿ, ಇಷ್ಟಕ್ಕೆಲ್ಲ ಹಿಡಿದದ್ದು ಅರ್ಧ ಗಂಟೆ. ಒಂದು ಜಾಕು, ಒಂದು ಹಾರೆ, ಒಂದು ರೀಪರ್. ಏಸಿ ಹಾಕಿದ ಕೋಣೆಯಲ್ಲಿ ಕೂತು, ಕಾಫಿ ಕುಡಿಸುತ್ತಾ ಹಾಳೆ ಬರೆಯುವವನಿಗೆ ಅರ್ಧ ಗಂಟೆ ಇರಲಿಲ್ಲ. ರಬ್ಬರು ಹರಿದಿದೆ ಎಂದು ಬರೆದರೆ ಕಂಪನಿ ಹೊಸದು ಹಾಕಿ ಕೊಡಬೇಕಾಗಬಹುದು. ಡ್ರೈವರ್ ಗುದ್ದಿದ ಎಂದು ಬರೆದರೆ ಯಾರೂ ಏನೂ ಕೊಡಬೇಕಿಲ್ಲ. ಡ್ರೈವರ್ ಬಂದು ಕೇಳುತ್ತಾನಾ? ಇಂಗ್ಲಿಷಿನಲ್ಲಿ ಬರೆದದ್ದನ್ನು ಅವನು ಓದುತ್ತಾನಾ? ಆ ಧೈರ್ಯ.

ನಾನು ಹೀಗೆ ಕೂಗಾಡುತ್ತಿದ್ದಾಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಅದೆಲ್ಲ ಸರಿ. ಆ ಮನೆಯ ಹಳೇ ಗಾಡಿಗೂ ನಿಮ್ಮಪ್ಪ ಎರಡು ಸಲ ಇದೇ ಬುಶ್ ಹಾಕ್ಸಿದ್ದ ಇಲ್ಲಿ. ಆಗ್ಲೂ ಎಡಗಡೆನೇ. ಬಲಗಡೆ ಒಂದು ದಿನ ಮುಟ್ಟಿಲ್ಲ ನಾನು" ಎಂದರು.

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ನಾಯಿಯ ತಲೆ ಸವರುತ್ತಿದ್ದರು.

"ಯಾಕಪ್ಪಾ ಎಡಗಡೆನೇ?"

"ರೋಡು ಹಂಗಿದೆ ಕಣಮ್ಮ."

ರೋಡು ಬಲಗಡೆಗೂ ಹಾಗೇ ಇದೆ. ಗುದ್ದಿಲ್ಲ ಎಂದು ಗೊತ್ತಾಗಿತ್ತು, ಆದರೆ ಎರಡು ವರ್ಷದ ಗಾಡಿಯಲ್ಲಿ ಒಂದೇ ಕಡೆಯ ರಬ್ಬರು ಹರಿದದ್ದು ಯಾಕೆ ಎಂದು ಗೊತ್ತಾಗದೆ ಯಜಮಾನರ ಮುಂದೆ ಹೋಗಿ ನಿಂತರೆ, ಡ್ರೈವರಿನ ಮಗಳು ಅಪ್ಪನ ಪರವಾಗಿ ವಾದಿಸಿದಳು ಎನ್ನುತ್ತಾರೆ ಅಷ್ಟೇ. ಸೋಮವಾರ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಬೆಳಿಗ್ಗೆ ಆರೂವರೆಗೆ ಅಪ್ಪ ಹತ್ತಿದ ಬಸ್ಸಿನ ಹಿಂದೆಯೇ ಸ್ಕೂಟರಿನಲ್ಲಿ ಬಸವೇಶ್ವರನಗರಕ್ಕೆ ಹೋಗಿ ಎದುರು ಮನೆಯ ಹೊಂಗೆ ಮರದ ಕೆಳಗೆ ನಿಂತೆ.

ಗೇಟಿನ ಹೊರಗೆ, ರ್‍ಯಾಂಪು ಇಳಿದು ರಸ್ತೆ ಸೇರುವ ಜಾಗವನ್ನು ತೊಳೆದು ರಂಗೋಲಿ ಹಾಕಿತ್ತು. ಸಣ್ಣದಲ್ಲ, ನಾನು ಕೈ ಚಾಚಿ ಮಲಗಿದರೆ ಎಷ್ಟು ಜಾಗ ಬೇಕೋ ಅಷ್ಟು. ಸುತ್ತ ಕೆಮ್ಮಣ್ಣಿನ ಅಂಚು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಅಪ್ಪ ಕಾರನ್ನು ಗೇಟಿನಿಂದ ಅರ್ಧ ಹೊರಗೆ ತಂದು ನಿಲ್ಲಿಸಿದರು. ನಿಂತ ಗಾಡಿಯಲ್ಲೇ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದರು. ನುಣುಪು ಟೈಲ್ಸ್ ಮೇಲೆ ಟೈರು ಕಿರ್‍ರೆಂದು ಅರಚಿತು. ಆಮೇಲೆ ಒಂದಿಷ್ಟೇ ಮುಂದೆ ಬಿಟ್ಟರು. ಎಡಗಡೆಯ ಮುಂದಿನ ಚಕ್ರ ರ್‍ಯಾಂಪಿನ ಅಂಚಿನಿಂದ ಜಾರಿ ಚರಂಡಿ ಮುಚ್ಚಿದ ಕಲ್ಲುಚಪ್ಪಡಿಯ ಮೇಲೆ ಬಿತ್ತು. ದಡಕ್. ಗೇಣುದ್ದ ಎತ್ತರದಿಂದ. ಪೂರ್ತಿ ತಿರುಗಿದ ಚಕ್ರ, ಇಡೀ ಗಾಡಿಯ ಭಾರ ಅದರ ಮೇಲೆ. ರಂಗೋಲಿಯ ಒಂದು ಎಳೆಯೂ ಅಳಿಸದೆ ಕಾರು ರಸ್ತೆಗೆ ಇಳಿಯಿತು.

ಸಂಜೆ ಒಳಗೆ ಹಾಕುವಾಗಲೂ ಅದೇ ದಾರಿ, ಅದೇ ಅಂಚು. ದಿನಕ್ಕೆ ಎರಡು ಸಲ, ಎರಡು ವರ್ಷ. ಹಳೆಯ ಗಾಡಿಯನ್ನೂ ಸೇರಿಸಿದರೆ ಹನ್ನೆರಡು ವರ್ಷ.

ಆ ಸಂಜೆ ಮನೆಯಲ್ಲಿ ಅಪ್ಪನ ಮೇಲೆ ಹಾರಿಬಿದ್ದೆ.

"ನಿಂಗೆ ಗೊತ್ತಿತ್ತು ಅಲ್ವಾ?"

"ಹಳೇ ಗಾಡೀಲೇ ಗೊತ್ತಾಗಿತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಕೆಲಸ ಹೋಗ್ತಾ ಇದೆ, ಸುಳ್ಳ ಅಂತಿದಾರೆ, ಆಗ್ಲಾದ್ರೂ ಹೇಳ್ಬಾರ್ದಾ?"

"ಸೇರಿದ ಮೊದಲನೇ ದಿನ ಅಮ್ಮಾವ್ರು ಹೇಳಿದ್ದು ಒಂದೇ ಮಾತು, ರಂಗೋಲಿ ಮೇಲೆ ಚಕ್ರ ಹತ್ತಿಸ್ಬೇಡಪ್ಪ ಅಂತ. ಮಂಡಿ ನೋವು ಇಟ್ಕೊಂಡು ಐದು ಗಂಟೆಗೆ ಎದ್ದು ಹಾಕ್ತಾರೆ. ಅವರ ರಂಗೋಲಿಯಿಂದ ಗಾಡಿ ಕೆಡ್ತು ಅಂತ ನಾನು ಹೆಂಗಮ್ಮ ಹೇಳ್ಲಿ?"

"ನೀನು ಗುದ್ದಿದೆ ಅಂತ ಅವರು ಹೆಂಗೆ ಹೇಳಿದ್ರು? ಹಂಗೇ ಹೇಳ್ಬೇಕು!"

ಅಮ್ಮ ಒಳಗಿನಿಂದ, "ಮೆತ್ತಗೆ ಮಾತಾಡೇ, ಮಹಡಿ ಮೇಲೆ ಮನೆ ಓನರ್ ಆಂಟಿಗೆ ಕೇಳಿಸತ್ತೆ" ಎಂದಳು. ಕೇಳಿಸಲಿ ಎಂದು ಇನ್ನೂ ಜೋರಾಗಿ ಕೂಗಿದೆ. ನನಗೆ ಯಜಮಾನರ ಮೇಲೆ ಎಷ್ಟು ಸಿಟ್ಟಿತ್ತೋ, ಆ ಹೊತ್ತಿಗೆ ಅಪ್ಪನ ಮರ್ಯಾದೆಯ ಮೇಲೂ ಅಷ್ಟೇ ಸಿಟ್ಟು ಬಂದಿತ್ತು. ಬಾಯಿ ಮುಚ್ಚಿಕೊಂಡು ಸವೆಯುವುದನ್ನೇ ಮರ್ಯಾದೆ ಎಂದುಕೊಂಡ ಜನ ನಾವು.

ಮಾರನೇ ದಿನ ಸಂಜೆ ರೀಪರ್ ಪಟ್ಟಿಯನ್ನು ಹೆಗಲ ಮೇಲೆ ಇಟ್ಟುಕೊಂಡು, ಅತ್ತಿಗುಪ್ಪೆಯಿಂದ ಜಾಕನ್ನು ಕೇಳಿ ತಂದು, ಆ ಮನೆಗೆ ಹೋದೆ. ಅಪ್ಪ ಬೇಡ ಬೇಡ ಎನ್ನುತ್ತಲೇ ಗೇಟು ತೆಗೆದರು. ಯಜಮಾನರು ಹೊರಗೆ ಬಂದರು, ಹಿಂದೆಯೇ ಅವರ ಹೆಂಡತಿ.

"ಏನಮ್ಮ ಇದು, ದೊಣ್ಣೆ ತಗೊಂಡು ಬಂದಿದೀಯ?" ಎಂದು ನಕ್ಕರು.

"ಅಳತೆಕೋಲು ಸಾರ್. ಸ್ವಲ್ಪ ಬಗ್ಗಿ ನೋಡ್ಬೇಕು ನೀವು."

ಬಗ್ಗಿಸಿದೆ. ಎಡಗಡೆಗೆ ಪಟ್ಟಿ ಹಿಡಿದೆ, ಬಲಗಡೆಗೆ ಹಿಡಿದೆ. ಟಾರ್ಚ್ ಬಿಟ್ಟು ಹರಿದ ರಬ್ಬರು ತೋರಿಸಿದೆ. ಅವರ ಕೈಯಲ್ಲೇ ಚಕ್ರ ಹಿಡಿಸಿ ಅಲ್ಲಾಡಿಸಿದೆ. ಟಕ್ ಎಂದಾಗ ಅವರ ಮುಖ ಸ್ವಲ್ಪ ಬದಲಾಯಿತು.

"ಗುದ್ದಿದ್ದಲ್ಲ ಸಾರ್. ಸವೆದಿದ್ದು."

"ಎರಡೇ ವರ್ಷಕ್ಕೆ ಸವೆಯತ್ತಾ?"

ಅದೇ ಪ್ರಶ್ನೆಗೆ ಕಾಯುತ್ತಿದ್ದೆ. ಜಾಕ್ ಇಳಿಸಿ, ಅಪ್ಪನಿಗೆ ದಿನಾ ಬೆಳಿಗ್ಗೆ ಹೇಗೆ ತೆಗೆಯುತ್ತೀಯೋ ಹಾಗೇ ಕಾರನ್ನು ಹೊರಗೆ ತೆಗಿ ಎಂದೆ. ಅಪ್ಪ ಕದಲಲಿಲ್ಲ. "ತೆಗಿ ಅಪ್ಪಾ" ಎಂದು ಗದರಿದೆ. ಬೆಳಗಿನ ರಂಗೋಲಿ ಇನ್ನೂ ಹಾಗೇ ಇತ್ತು. ಗಾಡಿ ನಿಂತಿತು, ಸ್ಟೇರಿಂಗ್ ತಿರುಗಿತು, ಟೈರು ಅರಚಿತು, ದಡಕ್.

"ಅಯ್ಯೋ" ಎಂದರು ಅಮ್ಮಾವ್ರು.

"ಅಂದ್ರೆ ನಮ್ಮ ಮನೆ ರಂಗೋಲಿಯಿಂದ ಕಾರು ಕೆಡ್ತು ಅಂತೀಯ?" ಎಂದರು ಯಜಮಾನರು. ಅವರ ದನಿಯಲ್ಲಿ ನಗು ಇರಲಿಲ್ಲ.

"ರಂಗೋಲಿಯಿಂದ ಅಲ್ಲ ಸಾರ್. ಅದನ್ನ ಉಳಿಸೋಕೆ ಹೋಗಿ. ನೀವು ಹೇಳಿದ್ದನ್ನ ಒಂದು ದಿನ ತಪ್ಪದೆ ಮಾಡಿದಾರೆ ನಮ್ಮಪ್ಪ. ಅದಕ್ಕೆ ನೀವು ಕೊಟ್ಟ ಹೆಸರು ಸುಳ್ಳ."

"ಸಾಕು ಕಣಮ್ಮ" ಎಂದರು ಅಪ್ಪ ಕಾರಿನೊಳಗಿಂದ.

"ನೀನಾದ್ರೂ ಒಂದ್ಮಾತು ಹೇಳ್ಬಾರ್ದಿತ್ತೇನಪ್ಪ?" ಎಂದರು ಅಮ್ಮಾವ್ರು. ಅಪ್ಪ ಇಂಜಿನ್ ಆಫ್ ಮಾಡಿ ಕೆಳಗಿಳಿದರು.

ಯಜಮಾನರು ಚಪ್ಪಡಿಯ ಅಂಚನ್ನು ಕಾಲಿನಿಂದ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಯಾವ ಕಾಲೇಜು, ಎಷ್ಟು ಪರ್ಸೆಂಟು, ಈಗ ಎಲ್ಲಿ ಕೆಲಸ ಎಂದು ಕೇಳಿದರು. "ಭೇಷ್. ಓದಿಸಿದ್ದು ಸಾರ್ಥಕ ಆಯ್ತು ಕಣಯ್ಯ" ಎಂದು ಅಪ್ಪನಿಗೆ ಹೇಳಿದರು. "ನಾಳೆ ಎಂದಿನಂಗೆ ಬಾ. ತಿಂಗಳ ಮಾತು ಬಿಟ್ಬಿಡು."

"ಸಾರ್, ಗುದ್ದಿಲ್ಲ ಅಂತ ಗೊತ್ತಾಯ್ತು ಅಂತ ಅವರಿಗೆ ಒಂದು ಮಾತು ಹೇಳಿ. ಸುಳ್ಳ ಅಂದಿದ್ದು ಎಲ್ಲರ ಎದುರಿಗೆ."

"ನಾನೇನು ಹೇಳೋದು, ನೀನೇ ಇಷ್ಟೊತ್ತು ಹೇಳಿದೆಯಲ್ಲ!" ಎಂದು ಜೋರಾಗಿ ನಗುತ್ತಾ ಒಳಗೆ ಹೋದರು.

ಕೆಲಸ ಉಳಿಯಿತು. ಆದರೆ ನನ್ನ ಮೈ ಉರಿಯುತ್ತಿತ್ತು. ಹನ್ನೆರಡು ವರ್ಷ ಒಂದು ಗೀರು ಬೀಳದ ಹಾಗೆ ಮೊಮ್ಮಕ್ಕಳನ್ನು ಒಯ್ದು ತಂದವನು ಗುದ್ದಿಲ್ಲ ಎಂದರೆ ಅದು ಸುಳ್ಳು. ಕಾರಿನ ಕೆಳಗೆ ನೋಡದವನು ಇಂಗ್ಲಿಷಿನಲ್ಲಿ ಬರೆದರೆ ಅದು ನಿಜ. ಅವನ ಅದೇ ಮಾತನ್ನು ಡಿಗ್ರಿ ಇರುವವಳು ಬಂದು ಹೇಳಿದರೆ ಭೇಷ್. ನನ್ನ ಸರ್ಟಿಫಿಕೇಟಿನ ಮೇಲೆ ನನಗೆ ಹೆಮ್ಮೆ ಇದೆ, ಯಾರೂ ಅದನ್ನು ನನಗೆ ದಾನ ಕೊಟ್ಟದ್ದಲ್ಲ. ಆದರೆ ಅಪ್ಪನ ಮಾತಿಗೆ ಅದನ್ನು ಊರುಗೋಲು ಮಾಡಬೇಕಾಗಿ ಬಂದ ದಿನ ಅದನ್ನು ಹರಿದು ಹಾಕುವಷ್ಟು ಕೋಪ ಬಂದಿತ್ತು.

ವಾಪಸ್ ಬರುವಾಗ ನಾನು ಸ್ಕೂಟರ್ ಓಡಿಸುತ್ತಿದ್ದೆ, ಅಪ್ಪ ಹಿಂದೆ ಕೂತು ಜಾಕ್ ಹಿಡಿದಿದ್ದರು. ವಿಜಯನಗರದ ಸಿಗ್ನಲ್ಲಿನವರೆಗೂ ನಾನೊಬ್ಬಳೇ ಬೈಯುತ್ತಿದ್ದೆ. ಸರ್ವಿಸ್ ಸೆಂಟರಿನವನನ್ನು, ಯಜಮಾನರನ್ನು, ಅವರ ನಗುವನ್ನು. "ತಪ್ಪಾಯ್ತು ಅಂತ ಒಂದ್ಮಾತು ಅನ್ನೋಕಾಗಲ್ವಾ ಆ ಮನುಷ್ಯನಿಗೆ?"

ಸಿಗ್ನಲ್ ಕೆಂಪಾಯಿತು. ಹಿಂದಿನಿಂದ ಅಪ್ಪ ಮೆಲ್ಲಗೆ ಹೇಳಿದರು.

"ಅವರು ಹೊರಗಿನವರು ಕಣಮ್ಮ. ನೀನೂ ಕೇಳ್ದೆಯಲ್ಲ, ಗುದ್ದಿದ್ಯಾ ಅಂತ."

ಹಸಿರಾದದ್ದು ನನಗೆ ಕಾಣಲಿಲ್ಲ. ಹಿಂದಿನ ಆಟೋದವನು ಹಾರ್ನ್ ಹೊಡೆದು ಬೈದಮೇಲೆ ಹೊರಟೆ.

ಬುಧವಾರ ಬೆಳಿಗ್ಗೆ ಅಪ್ಪ ಹೋದಾಗ ರಂಗೋಲಿ ಗೇಟಿನ ಪಕ್ಕದ ಗೋಡೆಯ ಬದಿಗೆ ಸರಿದಿತ್ತಂತೆ, ಚಿಕ್ಕದಾಗಿ. ಕಾರು ನೇರ ಇಳಿಯುವಷ್ಟು ಜಾಗ. ಸಂಜೆ ಬಂದವರೇ ಅಮ್ಮನಿಗೆ ಹೇಳಿದರು, ಮಹಡಿಯ ಓನರ್ ಆಂಟಿಗೆ ಹೇಳಿದರು, ಆಮೇಲೆ ನನಗೆ ಹೇಳಿದರು. "ಅಮ್ಮಾವ್ರು ಜಾಗ ಬಿಟ್ಟಿದಾರೆ." ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಲದು, ಇವತ್ತಿಗೂ ಸಾಲದು. ಮುಂದಿನ ವಾರ ಕಾರನ್ನು ಮತ್ತೆ ಬಿಟ್ಟಾಗ ಸರ್ವಿಸ್ ಸೆಂಟರಿನವರು ಬುಶ್ಶು, ಬಾಲ್ ಜಾಯಿಂಟು ಎರಡನ್ನೂ ಹೊಸದು ಹಾಕಿದರು. ಹಳೆಯ ಹಾಳೆಯ ಸಾಲನ್ನು ತಿದ್ದಿ ಕೊಡಿ ಎಂದು ನಾನು ಎರಡು ಸಲ ಬರೆದೆ. ತಿದ್ದಲಿಲ್ಲ.

ಆ ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ತಟ್ಟೆಗೆ ಮುದ್ದೆ ಹಾಕಿ, ಎದುರಿಗೆ ಕೂತೆ.

"ತಪ್ಪಾಯ್ತಪ್ಪಾ. ನಾನು ಕೇಳ್ಬಾರ್ದಿತ್ತು."

ಆ ಮನುಷ್ಯನ ಬಾಯಲ್ಲಿ ಬರಲಿಲ್ಲ ಎಂದು ನಾನು ಊರೆಲ್ಲ ಬೈದ ಮಾತು ನನ್ನ ಬಾಯಿಗೆ ಬರುವುದಕ್ಕೂ ಅಷ್ಟು ದಿನ ಹಿಡಿದಿತ್ತು. ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದರು. ನಿಧಾನಕ್ಕೆ ನುಂಗಿದರು.

"ನಿನ್ನ ಸ್ಕೂಟರ್ ಹಿಂದಿನ ಬ್ರೇಕ್ ಕಚ್ತಾ ಇದೆ" ಎಂದರು. "ನೆನ್ನೆ ಕೂತಾಗ ಗೊತ್ತಾಯ್ತು. ನಾಳೆ ಬೆಳಿಗ್ಗೆ ಬೇಗ ಎದ್ದೇಳು, ಇಬ್ಬರೂ ಬಿಚ್ಚಿ ನೋಡೋಣ."